ಚೈನ್ ಬಿಗಿದರೆ ಸವೆತ ಮಾಯವಾಗದು: ಹಳೆಯ ಕ್ರಾಲರ್ ಟ್ರ್ಯಾಕ್ಟರ್‌ಗಳ ಸರಪಳಿ ಹೊಂದಾಣಿಕೆ ಮತ್ತು ದುರಸ್ತಿ

ಕೆರೆಯ ಹೂಳೆತ್ತುವಲ್ಲಿ, ಬಡಾವಣೆಗೆ ನೆಲ ಸಮತಟ್ಟು ಮಾಡುವಲ್ಲಿ, ಗಣಿಯ ಮಣ್ಣು ದೂಡುವಲ್ಲಿ ಕಾಣಸಿಗುವ ಚೈನ್ ಬುಲ್ಡೋಜರ್ ನಗರವಾಸಿಗಳಿಗೂ ಪರಿಚಿತವೇ. ಮುಂದಿನ ಬ್ಲೇಡು, ಹೊಗೆಯುಗುಳುವ ಎಂಜಿನ್ನು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಯಂತ್ರದ ಮಾಲೀಕನ ನಿದ್ದೆಗೆಡಿಸುವುದು ಅವೆರಡೂ ಅಲ್ಲ, ನೆಲಕ್ಕೆ ಅಂಟಿಕೊಂಡು ಉರುಳುವ ಉಕ್ಕಿನ ಸರಪಳಿ. ಕ್ರಾಲರ್ ಯಂತ್ರವೊಂದರ ನಿರ್ವಹಣಾ ವೆಚ್ಚದ ಅರ್ಧದಷ್ಟು ಭಾಗ ಈ ಸರಪಳಿ ಹಾಗೂ ಅದನ್ನು ಹೊತ್ತ ಗಾಲಿಗಳಿಗೇ ಹೋಗುತ್ತದೆ ಎಂಬುದು ಈ ಉದ್ಯಮದಲ್ಲಿ ರೂಢಿಯಲ್ಲಿರುವ ಲೆಕ್ಕ.

ಹಳೆಯ ಯಂತ್ರಗಳ ವಿಷಯದಲ್ಲಿ ಎರಡು ತಪ್ಪುಗಳು ಪದೇ ಪದೇ ನಡೆಯುತ್ತವೆ. ಚೈನ್ ಸಡಿಲವಾಯಿತೆಂದು ಅದನ್ನು ಬಿಗಿಯುತ್ತಲೇ ಹೋಗುವುದು ಒಂದು. ಬಿಗಿದ ಚೈನನ್ನು ಸಡಿಲಿಸುವಾಗ ಅದರೊಳಗೆ ಅಡಗಿರುವ ಒತ್ತಡವನ್ನು ಮರೆಯುವುದು ಇನ್ನೊಂದು. ಮೊದಲನೆಯದು ಹಣವನ್ನು ತಿನ್ನುತ್ತದೆ, ಎರಡನೆಯದು ಕೈಯನ್ನೋ ಪ್ರಾಣವನ್ನೋ ತೆಗೆದುಕೊಳ್ಳುತ್ತದೆ. ಸರಪಳಿಯ ರಚನೆ, ಸವೆತ, ಹೊಂದಾಣಿಕೆ ಹಾಗೂ ದುರಸ್ತಿಯ ಕುರಿತು ಸಮಗ್ರ ಮಾಹಿತಿ ಇಲ್ಲಿದೆ.

ಕಂಬಳಿಹುಳುವಿನ ಹುಟ್ಟು

ಚೈನ್ ಟ್ರ್ಯಾಕ್ಟರ್ ಹುಟ್ಟಿದ್ದು ಕೆಸರಿನಿಂದ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ನಗರದ ಸುತ್ತಲಿನ ನದೀಮುಖಜ ಭೂಮಿ ಬಲು ಮೆದು. ಅಲ್ಲಿ ಭಾರೀ ಹಬೆ ಟ್ರ್ಯಾಕ್ಟರ್‌ಗಳ ಚಕ್ರಗಳು ಹೂತುಹೋಗುತ್ತಿದ್ದವು. ಚಕ್ರಗಳನ್ನು ಎಷ್ಟು ಅಗಲ ಮಾಡಿದರೂ ಪ್ರಯೋಜನವಾಗಲಿಲ್ಲ. ಬೆಂಜಮಿನ್ ಹೋಲ್ಟ್ ಎಂಬ ತಯಾರಕರು ಹಿಂದಿನ ಚಕ್ರಗಳನ್ನು ಕಳಚಿ, ಅವುಗಳ ಜಾಗದಲ್ಲಿ ಮರದ ಹಲಗೆಗಳನ್ನು ಜೋಡಿಸಿದ ಸರಪಳಿಯನ್ನು ಅಳವಡಿಸಿ 1904ರ ನವೆಂಬರ್ 24ರಂದು ಪರೀಕ್ಷೆ ನಡೆಸಿದರು. ಯಂತ್ರ ಹೂಳಲಿಲ್ಲ. ತೆವಳುತ್ತಾ ಸಾಗಿದ ಅದನ್ನು ಕಂಡ ಛಾಯಾಗ್ರಾಹಕರೊಬ್ಬರು ಕಂಬಳಿಹುಳುವಿಗೆ ಹೋಲಿಸಿದರೆಂದೂ, 'ಕ್ಯಾಟರ್‌ಪಿಲ್ಲರ್' ಎಂಬ ಹೆಸರು ಅಲ್ಲಿಂದಲೇ ಬಂದಿತೆಂದೂ ಹೇಳಲಾಗುತ್ತದೆ. ಸರಿಸುಮಾರು ಅದೇ ಕಾಲದಲ್ಲಿ ಇಂಗ್ಲೆಂಡಿನ ಗ್ರಾಂಥಮ್‌ನ ಹಾರ್ನ್ಸ್‌ಬಿ ಕಂಪನಿಯಲ್ಲಿ ಡೇವಿಡ್ ರಾಬರ್ಟ್ಸ್ ಎಂಬ ಎಂಜಿನಿಯರ್ ಕೂಡ ಸರಪಳಿ ಯಂತ್ರವನ್ನು ರೂಪಿಸಿದ್ದರು.

1925ರಲ್ಲಿ ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು ವಿಲೀನಗೊಂಡು ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರ್ ಕಂಪನಿ ಅಸ್ತಿತ್ವಕ್ಕೆ ಬಂದಿತು. 1938ರಿಂದ 1957ರವರೆಗೆ ತಯಾರಾದ ಅದರ ಡಿ-2 ಎಂಬ ಪುಟ್ಟ ಡೀಸೆಲ್ ಟ್ರ್ಯಾಕ್ಟರ್ ಇಂದಿಗೂ ಹಳೆಯ ಯಂತ್ರಗಳ ಸಂಗ್ರಾಹಕರ ಅಚ್ಚುಮೆಚ್ಚು.

ಕರ್ನಾಟಕಕ್ಕೂ ಈ ಯಂತ್ರಕ್ಕೂ ನೇರ ನಂಟಿದೆ. 1964ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ, ಅಂದರೆ ಬಿಇಎಂಎಲ್, ಕೋಲಾರ ಚಿನ್ನದ ಗಣಿ ಪ್ರದೇಶದ ತನ್ನ ಕಾರ್ಖಾನೆಯಲ್ಲಿ ಜಪಾನಿನ ಕೊಮಾತ್ಸು ಕಂಪನಿಯ ತಾಂತ್ರಿಕ ಸಹಯೋಗದೊಂದಿಗೆ ಡಿ-50, ಡಿ-80 ಮುಂತಾದ ಬುಲ್ಡೋಜರ್‌ಗಳನ್ನು ತಯಾರಿಸಿತು. ದೇಶದ ಗಣಿಗಳಲ್ಲಿ, ಅಣೆಕಟ್ಟು ಮತ್ತು ರಸ್ತೆ ಕಾಮಗಾರಿಗಳಲ್ಲಿ ದುಡಿದ ಡೋಜರ್‌ಗಳಲ್ಲಿ ಈ ವರ್ಗದವು ಅನೇಕ. ಹಳೆಯ ಯಂತ್ರವೆಂದರೆ ಡಿ-2ರಂತಹ ತಿರುಪಿನ ಕಾಲದ್ದೂ ಇರಬಹುದು, ಡಿ-80ರಂತಹ ಗ್ರೀಸ್ ಕಾಲದ್ದೂ ಇರಬಹುದು. ಎರಡರ ಚೈನಿನ ತತ್ವ ಒಂದೇ, ಬಿಗಿಯುವ ವಿಧಾನ ಮಾತ್ರ ಬೇರೆ.

ಸರಪಳಿಯ ಅಂಗಾಂಗ

ನೆಲಕ್ಕೆ ತಾಗುವ ಉಕ್ಕಿನ ಪಟ್ಟಿಗೆ ಶೂ ಅಥವಾ ಪ್ಲೇಟ್ ಎನ್ನುತ್ತಾರೆ. ಮಣ್ಣನ್ನು ಕಚ್ಚಲು ಅದರ ಮೇಲೆ ಅಡ್ಡಲಾಗಿ ಎದ್ದುನಿಂತ ಏಣೇ ಗ್ರೌಸರ್. ಶೂಗಳನ್ನು ಬೋಲ್ಟುಗಳ ಮೂಲಕ ಎಡ ಮತ್ತು ಬಲದ ಜೋಡಿ ಲಿಂಕ್‌ಗಳಿಗೆ ಬಿಗಿದಿರುತ್ತಾರೆ. ಲಿಂಕ್ ಜೋಡಿಯ ಒಂದು ತುದಿಗೆ ಬುಷ್ ಎಂಬ ಕೊಳವೆಯನ್ನೂ, ಇನ್ನೊಂದು ತುದಿಗೆ ಪಿನ್ನನ್ನೂ ಭಾರೀ ಒತ್ತಡದಿಂದ ತೂರಿಸಲಾಗಿರುತ್ತದೆ. ಒಂದು ಜೋಡಿಯ ಪಿನ್ನು ಮುಂದಿನ ಜೋಡಿಯ ಬುಷ್‌ನೊಳಗೆ ತಿರುಗುತ್ತದೆ. ಹೀಗೆ ಪ್ರತಿಯೊಂದು ಕೀಲೂ ಬಾಗಿಲ ತಿರುಗಣಿಯಂತೆ ಮಡಚಿಕೊಳ್ಳುತ್ತದೆ.

ಚೈನನ್ನು ಎಳೆಯುವ ಹಲ್ಲುಗಾಲಿಗೆ ಸ್ಪ್ರಾಕೆಟ್ ಎಂದು ಹೆಸರು. ಅದು ಸಾಮಾನ್ಯವಾಗಿ ಹಿಂಭಾಗದಲ್ಲಿರುತ್ತದೆ. ಮುಂಭಾಗದ ಹಲ್ಲಿಲ್ಲದ ದೊಡ್ಡ ಗಾಲಿ ಐಡ್ಲರ್. ಕೆಳಗಿನ ಸಾಲು ರೋಲರ್‌ಗಳು ಯಂತ್ರದ ಭಾರವನ್ನು ಹೊರುತ್ತವೆ. ಮೇಲಿನ ಒಂದೆರಡು ರೋಲರ್‌ಗಳು ಚೈನಿನ ಮೇಲ್ಭಾಗಕ್ಕೆ ಆಸರೆಯಾಗುತ್ತವೆ. ಐಡ್ಲರ್‌ನ ಹಿಂದೆ ದಪ್ಪನೆಯ ಸ್ಪ್ರಿಂಗ್ ಇರುತ್ತದೆ. ಚೈನು ಮತ್ತು ಸ್ಪ್ರಾಕೆಟ್ ನಡುವೆ ಕಲ್ಲು ಸಿಕ್ಕಿಕೊಂಡಾಗ ಈ ಸ್ಪ್ರಿಂಗ್ ಕುಗ್ಗಿ, ಐಡ್ಲರ್ ಹಿಂದೆ ಸರಿದು, ಚೈನು ತುಂಡಾಗದಂತೆ ಕಾಪಾಡುತ್ತದೆ. ಇದಕ್ಕಾಗಿ ಸ್ಪ್ರಿಂಗನ್ನು ಕಾರ್ಖಾನೆಯಲ್ಲೇ ಟನ್ನುಗಟ್ಟಲೆ ಬಲದಿಂದ ಅದುಮಿ ಕೂರಿಸಿರುತ್ತಾರೆ ಎಂಬುದನ್ನು ಈಗಲೇ ನೆನಪಿಟ್ಟುಕೊಳ್ಳುವುದು ಒಳಿತು.

ಸವೆಯುವುದು ಎಲ್ಲಿ?

'ಚೈನ್ ಹಿಗ್ಗಿದೆ' ಎಂಬ ಮಾತು ಕೆಲಸದ ಸ್ಥಳಗಳಲ್ಲಿ ಸಾಮಾನ್ಯ. ನಿಜ ಹೇಳಬೇಕೆಂದರೆ ಉಕ್ಕು ಹಿಗ್ಗಿರುವುದಿಲ್ಲ. ಪಿನ್ನಿನ ಹೊರಮೈ ಮತ್ತು ಬುಷ್‌ನ ಒಳಮೈ ಒಂದಕ್ಕೊಂದು ಉಜ್ಜಿ ಒಂದು ಬದಿಯಲ್ಲಿ ಸವೆದಿರುತ್ತವೆ. ಇದರಿಂದ ಒಂದು ಪಿನ್ನಿನ ಮಧ್ಯದಿಂದ ಮುಂದಿನ ಪಿನ್ನಿನ ಮಧ್ಯಕ್ಕೆ ಇರುವ ಅಂತರ ಹೆಚ್ಚುತ್ತದೆ. ಈ ಅಂತರವೇ ಪಿಚ್.

ಒಂದು ಸರಳ ಲೆಕ್ಕ ನೋಡೋಣ. ಡಿ-80 ವರ್ಗದ ಡೋಜರ್‌ನ ಚೈನಿನ ಪಿಚ್ ಹೊಸದಿದ್ದಾಗ ಸುಮಾರು 216 ಮಿ.ಮೀ. ಚೈನಿನಲ್ಲಿ 40 ಲಿಂಕ್‌ಗಳಿವೆ ಎಂದುಕೊಳ್ಳಿ. ಪ್ರತಿ ಕೀಲಿನಲ್ಲಿ ಕೇವಲ 3 ಮಿ.ಮೀ., ಅಂದರೆ ಎರಡು ನಾಣ್ಯಗಳ ದಪ್ಪದಷ್ಟು, ಸವೆತವಾದರೂ ಇಡೀ ಚೈನು 120 ಮಿ.ಮೀ. ಉದ್ದವಾಗುತ್ತದೆ. ಅದು ಅರ್ಧ ಪಿಚ್‌ಗಿಂತಲೂ ಹೆಚ್ಚು. ಚೈನು ಐಡ್ಲರ್‌ನ ಮೇಲೂ ಕೆಳಗೂ ಹಾದುಹೋಗುವುದರಿಂದ, ಐಡ್ಲರನ್ನು 60 ಮಿ.ಮೀ. ಮುಂದಕ್ಕೆ ತಳ್ಳಿದರೆ ಆ ಸಡಿಲವೆಲ್ಲ ಕಣ್ಮರೆಯಾಗುತ್ತದೆ. ನೋಡುವವರಿಗೆ ಚೈನು ಹೊಸದರಂತೆ ಬಿಗಿಯಾಗಿ ಕಾಣುತ್ತದೆ. ಆದರೆ ಪ್ರತಿ ಕೀಲಿನ 3 ಮಿ.ಮೀ. ಸವೆತ ಹಾಗೆಯೇ ಉಳಿದಿರುತ್ತದೆ.

ಇದರ ಪರಿಣಾಮ ಸ್ಪ್ರಾಕೆಟ್ಟಿನ ಮೇಲಾಗುತ್ತದೆ. ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಕಡೆದಿರುವುದು ಹೊಸ ಪಿಚ್‌ನ ಅಳತೆಗೆ. ಪಿಚ್ ಬೆಳೆದ ಚೈನಿನ ಬುಷ್‌ಗಳು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಹತ್ತುತ್ತವೆ. ಹಲ್ಲುಗಳು ಒಂದು ಬದಿಯಲ್ಲಿ ತಿಂದುಹೋಗಿ ಚೂಪಾಗುತ್ತವೆ. ಬುಷ್‌ನ ಹೊರಮೈಯೂ ತೆಳುವಾಗುತ್ತದೆ.

ಹಳೆಯ ಅನೇಕ ಸ್ಪ್ರಾಕೆಟ್‌ಗಳಲ್ಲಿ 25ರಂತಹ ಬೆಸ ಸಂಖ್ಯೆಯ ಹಲ್ಲುಗಳಿರುವುದು ಆಕಸ್ಮಿಕವಲ್ಲ. ಈ ವಿನ್ಯಾಸದಲ್ಲಿ ಬುಷ್‌ಗಳು ಒಂದು ಹಲ್ಲು ಬಿಟ್ಟು ಒಂದು ಹಲ್ಲಿನ ಮೇಲೆ ಕೂರುತ್ತವೆ. ಹಲ್ಲುಗಳ ಸಂಖ್ಯೆ ಬೆಸವಾದ್ದರಿಂದ ಒಂದು ಸುತ್ತಿನಲ್ಲಿ ದುಡಿದ ಹಲ್ಲಿಗೆ ಮುಂದಿನ ಸುತ್ತಿನಲ್ಲಿ ಬಿಡುವು ಸಿಗುತ್ತದೆ. ಸವೆತವನ್ನು ಎಲ್ಲ ಹಲ್ಲುಗಳಿಗೂ ಹಂಚುವ ಸರಳ ಉಪಾಯವಿದು.

ಸವೆತದ ವೇಗವನ್ನು ನಿರ್ಧರಿಸುವುದರಲ್ಲಿ ಮಣ್ಣಿನದೂ ಆಪರೇಟರ್‌ನದೂ ಸಮಪಾಲು. ಮರಳು ಅರದಂತೆ ಉಜ್ಜುತ್ತದೆ. ಉತ್ತರ ಕರ್ನಾಟಕದ ಎರೆಭೂಮಿಯಂತಹ ಜಿಗುಟು ಮಣ್ಣು ಸ್ಪ್ರಾಕೆಟ್ಟಿನ ಸಂದಿಗಳಲ್ಲಿ ತುಂಬಿಕೊಂಡು ಚೈನನ್ನು ತಾನಾಗಿಯೇ ಬಿಗಿಗೊಳಿಸುತ್ತದೆ. ಇನ್ನು ವೇಗವಾಗಿ ಹಿಮ್ಮುಖ ಓಡಿಸುವುದು ಚೈನಿನ ದೊಡ್ಡ ಶತ್ರು. ಮುಂದೆ ಚಲಿಸುವಾಗ ಸ್ಪ್ರಾಕೆಟ್ಟಿನ ಎಳೆತವೆಲ್ಲ ಚೈನಿನ ಕೆಳಭಾಗದಲ್ಲಿರುತ್ತದೆ, ಮೇಲ್ಭಾಗ ಸಡಿಲವಾಗಿರುತ್ತದೆ. ಹಿಂದೆ ಚಲಿಸುವಾಗ ಮೇಲ್ಭಾಗ, ಐಡ್ಲರ್ ಎಲ್ಲವೂ ಎಳೆತಕ್ಕೆ ಸಿಲುಕುತ್ತವೆ. ಆಗ ಬುಷ್‌ಗಳು ಭಾರ ಹೊತ್ತುಕೊಂಡೇ ಹಲ್ಲಿನ ಮೇಲೆ ಉಜ್ಜುತ್ತಾ ತಿರುಗುತ್ತವೆ. ಸದಾ ಒಂದೇ ಬದಿಗೆ ತಿರುಗಿಸುವುದು, ಇಳಿಜಾರಿನಲ್ಲಿ ಅಡ್ಡಲಾಗಿ ಓಡಿಸುವುದು, ನಿಂತಲ್ಲೇ ಚೈನು ಜಾರಿಸುವುದು ಇವೂ ಸವೆತವನ್ನು ಹೆಚ್ಚಿಸುತ್ತವೆ.

ಜೋಲು ಎಷ್ಟಿರಬೇಕು?

ಮೋಟಾರ್ ಸೈಕಲ್ಲಿನ ಚೈನಿಗೆ ಇರುವಂತೆಯೇ ಕ್ರಾಲರ್ ಚೈನಿಗೂ ಒಂದಿಷ್ಟು ಜೋಲು ಇರಲೇಬೇಕು. ಇದನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಮುಂದಕ್ಕೆ ಓಡಿಸಿ, ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಬೇಕು. ಆಗ ಸಡಿಲವೆಲ್ಲ ಚೈನಿನ ಮೇಲ್ಭಾಗದಲ್ಲಿ ಸೇರುತ್ತದೆ. ಬ್ಲೇಡನ್ನು ನೆಲಕ್ಕೆ ಇಳಿಸಿ, ಎಂಜಿನ್ ಬಂದ್ ಮಾಡಿ, ಮೇಲಿನ ರೋಲರ್‌ನಿಂದ ಐಡ್ಲರ್‌ವರೆಗೆ ಗ್ರೌಸರ್‌ಗಳ ಮೇಲೆ ಒಂದು ನೇರವಾದ ಸಲಾಕೆಯನ್ನಿಟ್ಟು, ನಡುವೆ ಚೈನು ಎಷ್ಟು ಕೆಳಗಿಳಿದಿದೆ ಎಂದು ಸ್ಕೇಲಿನಿಂದ ಅಳೆಯಬೇಕು.

ಸರಿಯಾದ ಅಳತೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಕೊಮಾತ್ಸು ವಿನ್ಯಾಸದ ಡೋಜರ್‌ಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ., ಹಳೆಯ ಸಣ್ಣ ಕ್ಯಾಟರ್‌ಪಿಲ್ಲರ್ ಯಂತ್ರಗಳಿಗೆ 1ರಿಂದ 1.5 ಇಂಚು ಎಂಬುದು ವಾಡಿಕೆ. ಆದರೆ ಆಯಾ ಯಂತ್ರದ ಕೈಪಿಡಿ ಹೇಳುವುದೇ ಅಂತಿಮ.

ಜೋಲು ಕಡಿಮೆಯಾದಷ್ಟೂ ಎಳೆತ ಹೇಗೆ ಏರುತ್ತದೆ ಎಂಬುದನ್ನು ಬಲ್ಲವರು ಚೈನನ್ನು ಅತಿಯಾಗಿ ಬಿಗಿಯಲಾರರು. ಎರಡು ಆಧಾರಗಳ ನಡುವೆ ಜೋಲುಬಿದ್ದ ಸರಪಳಿಯ ಎಳೆತ ಅದರ ಜೋಲಿಗೆ ವಿಲೋಮ ಪ್ರಮಾಣದಲ್ಲಿರುತ್ತದೆ. ಜೋಲು ಅರ್ಧಕ್ಕಿಳಿದರೆ ಎಳೆತ ಸರಿಸುಮಾರು ಇಮ್ಮಡಿಯಾಗುತ್ತದೆ. 32 ಮಿ.ಮೀ. ಇದ್ದ ಜೋಲನ್ನು 8 ಮಿ.ಮೀ.ಗೆ ಇಳಿಸಿದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಆ ಹೊರೆಯನ್ನು ಪಿನ್ನು, ಬುಷ್, ಸ್ಪ್ರಾಕೆಟ್, ಐಡ್ಲರ್ ಬೇರಿಂಗ್‌ಗಳು ದಿನವಿಡೀ ಹೊರಬೇಕು. ಮಣ್ಣು ದೂಡಲು ಬಳಕೆಯಾಗಬೇಕಾದ ಎಂಜಿನ್ ಶಕ್ತಿ ಚೈನನ್ನು ತಿರುಗಿಸುವುದರಲ್ಲೇ ಸೋರಿಹೋಗುತ್ತದೆ, ಡೀಸೆಲ್ ವ್ಯರ್ಥವಾಗುತ್ತದೆ.

ಹಾಗೆಂದು ಅತಿ ಸಡಿಲವೂ ಸಲ್ಲದು. ಸಡಿಲ ಚೈನು ಸ್ಪ್ರಾಕೆಟ್ಟಿನ ಹಲ್ಲನ್ನು ಹಾರಿ ಧಡಾರನೆ ಬಡಿಯುತ್ತದೆ, ರೋಲರ್‌ಗಳ ಅಂಚುಗಳನ್ನು ಸವೆಸುತ್ತದೆ, ತಿರುವಿನಲ್ಲಿ ಕಳಚಿಬೀಳುತ್ತದೆ.

ಹೊಂದಾಣಿಕೆಯನ್ನು ಕೆಲಸದ ಸ್ಥಳದಲ್ಲೇ, ಅಲ್ಲಿನ ಮಣ್ಣು ಚೈನಿಗೆ ಮೆತ್ತಿಕೊಂಡಿರುವಾಗಲೇ ಮಾಡಬೇಕೆಂಬುದು ಇನ್ನೊಂದು ಮುಖ್ಯ ನಿಯಮ. ಷೆಡ್ಡಿನಲ್ಲಿ ತೊಳೆದು ಒಣಗಿಸಿದ ಚೈನಿಗೆ ಸರಿಯಾದ ಜೋಲು ಕೊಟ್ಟು ಕೆಸರಿಗೆ ಇಳಿಸಿದರೆ, ಸ್ಪ್ರಾಕೆಟ್ಟಿನಲ್ಲಿ ಮಣ್ಣು ತುಂಬಿಕೊಂಡ ಕೂಡಲೇ ಅದು ವೀಣೆಯ ತಂತಿಯಂತೆ ಬಿಗಿಯುತ್ತದೆ. ಆದ್ದರಿಂದಲೇ ದಿನದ ಕೆಲಸ ಮುಗಿದೊಡನೆ ಮಣ್ಣು ಒಣಗುವ ಮುನ್ನ ಕೆರೆದು ತೆಗೆಯುವ ಅಭ್ಯಾಸ ಅಗತ್ಯ.

ತಿರುಪು ಮತ್ತು ಗ್ರೀಸ್

ಡಿ-2ರ ಕಾಲದ ಯಂತ್ರಗಳಲ್ಲಿ ಐಡ್ಲರನ್ನು ಮುಂದೆ ಹಿಂದೆ ಸರಿಸಲು ದಪ್ಪ ತಿರುಪು ಇರುತ್ತದೆ. ಅದನ್ನು ಹಿಡಿದಿಟ್ಟ ಬೋಲ್ಟುಗಳನ್ನು ಸಡಿಲಿಸಿ, ದೊಡ್ಡ ಸ್ಪ್ಯಾನರ್‌ನಿಂದ ತಿರುಪನ್ನು ತಿರುಗಿಸಿ, ಜೋಲು ಸರಿಹೋದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ವರ್ಷಗಟ್ಟಲೆ ಬಳಸದೆ ನಿಂತ ಯಂತ್ರದಲ್ಲಿ ತಿರುಪು ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಸಾಮಾನ್ಯ. ಕೆಲವು ದಿನ ಮುಂಚಿತವಾಗಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ತಂತಿಯ ಬ್ರಷ್‌ನಿಂದ ಎಳೆಗಳನ್ನು ಉಜ್ಜಿ, ತಾಳ್ಮೆಯಿಂದ ಅತ್ತಿತ್ತ ತಿರುಗಿಸಬೇಕು. ಸ್ಪ್ಯಾನರ್‌ಗೆ ಉದ್ದನೆಯ ಪೈಪು ಸಿಕ್ಕಿಸಿ ಏಕಾಏಕಿ ಎಳೆದರೆ ಎಳೆಗಳು ಕಿತ್ತುಹೋಗುತ್ತವೆ.

ನಂತರದ ಯಂತ್ರಗಳಲ್ಲಿ ತಿರುಪಿನ ಜಾಗಕ್ಕೆ ಗ್ರೀಸ್ ಸಿಲಿಂಡರ್ ಬಂದಿತು. ನಿಪ್ಪಲ್ ಮೂಲಕ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಿದಂತೆ ಸಿಲಿಂಡರ್‌ನೊಳಗಿನ ಪಿಸ್ಟನ್ ಸರಿದು ಐಡ್ಲರನ್ನು ಮುಂದಕ್ಕೆ ತಳ್ಳುತ್ತದೆ. ಬಳಿಕ ಯಂತ್ರವನ್ನು ಒಮ್ಮೆ ಮುಂದೆ ಹಿಂದೆ ಓಡಿಸಿ ಜೋಲನ್ನು ಮತ್ತೆ ಅಳೆಯಬೇಕು. ಗ್ರೀಸ್ ತುಂಬಿದರೂ ಒಂದೆರಡು ದಿನಗಳಲ್ಲಿ ಚೈನು ಪುನಃ ಸಡಿಲವಾಗುತ್ತಿದ್ದರೆ ಪಿಸ್ಟನ್ನಿನ ಸೀಲ್ ಅಥವಾ ವಾಲ್ವ್ ಸೋರುತ್ತಿದೆ ಎಂದು ತಿಳಿಯಬೇಕು. ಇದು ಹಳೆಯ ಯಂತ್ರಗಳಲ್ಲಿ ಬಹಳ ಸಾಮಾನ್ಯವಾದ ದೋಷ. ಸೀಲ್ ಬದಲಾವಣೆಯೇ ಅದಕ್ಕೆ ಪರಿಹಾರ.

ಪ್ರಾಣಕ್ಕೆ ಎರವಾಗುವ ಎರಡು ಜಾಗಗಳು

ಚೈನನ್ನು ಸಡಿಲಿಸಲು ಗ್ರೀಸನ್ನು ಹೊರಬಿಡುವ ವಾಲ್ವ್ ಇರುತ್ತದೆ. ಅದರ ಹಿಂದಿರುವ ಗ್ರೀಸ್ ಅತ್ಯಧಿಕ ಒತ್ತಡದಲ್ಲಿರುತ್ತದೆ. ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಸಡಿಲಿಸಬಾರದು ಎಂದು ಕೈಪಿಡಿಗಳು ಎಚ್ಚರಿಸುತ್ತವೆ. ಇದನ್ನು ಕಡೆಗಣಿಸಿದರೆ ವಾಲ್ವ್ ಗುಂಡಿನಂತೆ ಸಿಡಿಯಬಹುದು. ಕೆಲಸ ಮಾಡುವವರು ವಾಲ್ವ್‌ನ ನೇರಕ್ಕೆ ಮುಖ, ಕೈ, ಕಾಲು ಯಾವುದನ್ನೂ ಒಡ್ಡದೆ ಬದಿಯಲ್ಲಿ ನಿಲ್ಲಬೇಕು. ಗ್ರೀಸ್ ಬರುತ್ತಿದೆಯೇ ಎಂದು ಬೆರಳಿಟ್ಟು ನೋಡಕೂಡದು, ಬಗ್ಗಿ ಇಣುಕಕೂಡದು. ಒಂದು ಸುತ್ತು ಬಿಚ್ಚಿದರೂ ಗ್ರೀಸ್ ಬಾರದಿದ್ದರೆ ಯಂತ್ರವನ್ನು ಸ್ವಲ್ಪ ಮುಂದೆ ಹಿಂದೆ ಓಡಿಸಬೇಕೇ ಹೊರತು ವಾಲ್ವನ್ನು ಇನ್ನಷ್ಟು ಬಿಚ್ಚುವ ಸಾಹಸಕ್ಕೆ ಇಳಿಯಬಾರದು.

ಒತ್ತಡದ ಗ್ರೀಸ್ ಚರ್ಮವನ್ನು ಸೀಳಿ ಒಳಹೊಕ್ಕರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಸಣ್ಣ ಗಾಯ. ಆರಂಭದಲ್ಲಿ ನೋವೂ ಹೆಚ್ಚಿರುವುದಿಲ್ಲ. ಇದೇ ಮೋಸ. ಒಳಗೆ ಗ್ರೀಸ್ ಸ್ನಾಯುಗಳ ನಡುವೆ ಹರಡಿ ಕೆಲವೇ ಗಂಟೆಗಳಲ್ಲಿ ಅಂಗಾಂಶವನ್ನು ಕೊಲ್ಲತೊಡಗುತ್ತದೆ. ವಿಳಂಬವಾದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾದ ಪರಿಸ್ಥಿತಿ ಬರಬಹುದು. ಗಾಯ ಎಷ್ಟೇ ಚಿಕ್ಕದಿರಲಿ, ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಒತ್ತಡದ ಗ್ರೀಸ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಬರೀ ಚುಚ್ಚಿದ ಗಾಯವೆಂದು ಹೇಳಿದರೆ ಮುಲಾಮು ಹಚ್ಚಿ ಕಳುಹಿಸಿಬಿಡುವ ಸಾಧ್ಯತೆಯಿದೆ.

ಎರಡನೆಯದು ಐಡ್ಲರ್‌ನ ಹಿಂದಿನ ಸ್ಪ್ರಿಂಗ್. ಚೈನು ಕಳಚಿ ಪಕ್ಕಕ್ಕಿಟ್ಟರೂ ಅದರೊಳಗಿನ ಬಲ ಹಾಗೆಯೇ ಇರುತ್ತದೆ. ಅದನ್ನು ಬಿಚ್ಚಲು ತಕ್ಕ ಪ್ರೆಸ್ ಹಾಗೂ ರಕ್ಷಣಾ ಚೌಕಟ್ಟು ಬೇಕು. ಅದರ ನಟ್ಟನ್ನು ಬಯಲಲ್ಲಿ ಬಿಚ್ಚುವುದಾಗಲಿ, ಗ್ಯಾಸ್ ಕಟರ್‌ನಿಂದ ಕತ್ತರಿಸುವುದಾಗಲಿ ಆತ್ಮಹತ್ಯೆಗೆ ಸಮಾನ. ಸ್ಪ್ರಿಂಗ್ ಮುರಿದಿದೆಯೆಂಬ ಶಂಕೆಯಿದ್ದರೆ ಅಪಾಯ ಮತ್ತಷ್ಟು ಹೆಚ್ಚು. ಇದು ಅನುಭವಿ ಕಾರ್ಯಾಗಾರಕ್ಕೆ ಬಿಡಬೇಕಾದ ಕೆಲಸ.

ಚೈನ್ ಕಳಚಿಬಿದ್ದಾಗ

ಐಡ್ಲರ್ ಅಥವಾ ಸ್ಪ್ರಾಕೆಟ್ಟಿನಿಂದ ಚೈನು ಕಳಚಿಬೀಳಲು ಸಡಿಲವೊಂದೇ ಕಾರಣವಲ್ಲ. ಐಡ್ಲರ್ ಮತ್ತು ರೋಲರ್‌ಗಳ ಅಂಚು ಸವೆದಿರುವುದು, ಐಡ್ಲರ್‌ನ ಮಾರ್ಗದರ್ಶಿ ಪಟ್ಟಿಗಳು ಸವೆದು ಅದು ವಾಲಿರುವುದು, ಟ್ರ್ಯಾಕ್ ಫ್ರೇಮ್ ಬಾಗಿರುವುದು, ಕಲ್ಲು ಸಿಕ್ಕಿಕೊಂಡಿರುವುದು ಇವೂ ಕಾರಣಗಳಾಗಿರಬಹುದು. ಸರಿಯಾದ ಜೋಲಿದ್ದರೂ ಮತ್ತೆ ಮತ್ತೆ ಕಳಚುತ್ತಿದ್ದರೆ ಮೂಲ ಕಾರಣವನ್ನು ಹುಡುಕಲೇಬೇಕು.

ಅರ್ಧ ಕಳಚಿದ ಚೈನನ್ನು ಕೂಡಲೇ ಗಮನಿಸಿ ನಿಲ್ಲಿಸಿದರೆ, ಹೊಂದಾಣಿಕೆಯನ್ನು ಪೂರ್ತಿ ಸಡಿಲಿಸಿ, ಸಿಕ್ಕಿಕೊಂಡ ಮಣ್ಣು ಕಲ್ಲುಗಳನ್ನು ತೆಗೆದು, ಹಾರೆಯಿಂದ ದಾರಿ ತೋರಿಸುತ್ತಾ ಯಂತ್ರವನ್ನು ಅಂಗುಲ ಅಂಗುಲವಾಗಿ ಸರಿಸಿ ಮರಳಿ ಕೂರಿಸಬಹುದು. ಸ್ಪ್ರಾಕೆಟ್ ತಿರುಗುವಾಗ ಹೆಲ್ಪರ್‌ನ ಕೈ ಚೈನಿನ ಬಳಿ ಇರಕೂಡದು. ಪ್ರತಿ ಬಾರಿ ಹಾರೆ ಇಟ್ಟಾದ ಮೇಲೆ ದೂರ ಸರಿದು, ಆಪರೇಟರ್‌ಗೆ ಕಾಣುವಂತೆ ನಿಂತು ಸನ್ನೆ ಮಾಡುವುದೇ ಸರಿಯಾದ ಕ್ರಮ.

ಪೂರ್ತಿ ಕಳಚಿದ್ದರೆ ಮಾಸ್ಟರ್ ಪಿನ್ನನ್ನು ಹೊಡೆದು ಚೈನನ್ನು ತೆರೆಯಬೇಕಾಗುತ್ತದೆ. ಇತರ ಪಿನ್ನುಗಳಿಗಿಂತ ಇದನ್ನು ಪ್ರತ್ಯೇಕಿಸಲು ತುದಿಯಲ್ಲಿ ಗುಳಿ ಅಥವಾ ಗುರುತು ಇರುತ್ತದೆ. ಮೊದಲು ಬಿಗಿತವನ್ನು ಪೂರ್ತಿ ಬಿಡಬೇಕು. ಮಾಸ್ಟರ್ ಪಿನ್ನು ಐಡ್ಲರ್‌ನ ಮುಂದೆ ಬರುವಂತೆ ನಿಲ್ಲಿಸಿ, ಅದರ ಕೆಳಗಿನ ಶೂಗೆ ಮರದ ದಿಮ್ಮಿ ಕೊಡಬೇಕು. ಇಲ್ಲವಾದರೆ ಪಿನ್ನು ಹೊರಬಂದ ಕ್ಷಣದಲ್ಲಿ ಭಾರವಾದ ಚೈನು ಧುಮುಕುತ್ತದೆ. ಪಿನ್ನನ್ನು ಭಾರೀ ಸುತ್ತಿಗೆಯಿಂದ ಹೊಡೆಯುವಾಗ ಗಡಸು ಉಕ್ಕಿನ ಚೂರು ಸಿಡಿದು ಕಣ್ಣಿಗೆ ಬಡಿಯುವ ಅಪಾಯವಿದೆ. ರಕ್ಷಣಾ ಕನ್ನಡಕ ಧರಿಸುವುದಲ್ಲದೆ, ಸುತ್ತಲಿದ್ದವರನ್ನು ದೂರ ಕಳುಹಿಸಬೇಕು.

ದುರಸ್ತಿಯ ಹಂತಗಳು

ದುರಸ್ತಿಯ ಮೊದಲ ಹೆಜ್ಜೆ ಸುತ್ತಿಗೆಯಲ್ಲ, ಅಳತೆಯ ಟೇಪು. ಸ್ಪ್ರಾಕೆಟ್ಟಿನ ಹಲ್ಲಿಗೆ ಒಂದು ಹಳೆಯ ಪಿನ್ನು ಕೊಟ್ಟು, ಯಂತ್ರವನ್ನು ತುಸು ಹಿಂದಕ್ಕೆ ಸರಿಸಿದರೆ ಚೈನಿನ ಮೇಲ್ಭಾಗ ಬಿಗಿಯಾಗಿ ನಿಲ್ಲುತ್ತದೆ. ಎಂಜಿನ್ ನಿಲ್ಲಿಸಿ, ಒಂದು ಪಿನ್ನಿನ ಅಂಚಿನಿಂದ ಐದನೆಯ ಪಿನ್ನಿನ ಅದೇ ಬದಿಯ ಅಂಚಿನವರೆಗೆ ಅಳೆದು ನಾಲ್ಕರಿಂದ ಭಾಗಿಸಿದರೆ ಸರಾಸರಿ ಪಿಚ್ ದೊರೆಯುತ್ತದೆ. ಮಾಸ್ಟರ್ ಪಿನ್ನನ್ನು ಈ ಲೆಕ್ಕಕ್ಕೆ ಸೇರಿಸಬಾರದು. 216 ಮಿ.ಮೀ. ಪಿಚ್‌ನ ಚೈನಿಗೆ ಹೊಸದರಲ್ಲಿ ಈ ಅಳತೆ 864 ಮಿ.ಮೀ. ಬರಬೇಕು. 880 ಬಂದರೆ ಪ್ರತಿ ಕೀಲಿನಲ್ಲಿ 4 ಮಿ.ಮೀ. ಸವೆತವಿದೆ ಎಂದರ್ಥ. ಇದನ್ನು ತಯಾರಕರ ಮಿತಿಯೊಂದಿಗೆ ಹೋಲಿಸಿ ಮುಂದಿನ ತೀರ್ಮಾನ ಕೈಗೊಳ್ಳಬೇಕು.

ಸಕಾಲದಲ್ಲಿ ಅಳೆದವರಿಗೆ ಒಂದು ಅಗ್ಗದ ದಾರಿಯಿದೆ. ಪಿನ್ನು ಮತ್ತು ಬುಷ್‌ಗಳು ಒಂದೇ ಬದಿಯಲ್ಲಿ ಸವೆಯುವುದರಿಂದ, ಹೈಡ್ರಾಲಿಕ್ ಪ್ರೆಸ್‌ನಲ್ಲಿ ಚೈನನ್ನು ಬಿಚ್ಚಿ, ಅವುಗಳನ್ನು 180 ಡಿಗ್ರಿ ತಿರುಗಿಸಿ ಮತ್ತೆ ಕೂರಿಸಿದರೆ ಸವೆಯದ ಬದಿ ಕೆಲಸಕ್ಕೆ ಬರುತ್ತದೆ. ಪಿಚ್ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಇದಕ್ಕೆ 'ಪಿನ್ ಬುಷ್ ಟರ್ನಿಂಗ್' ಎನ್ನುತ್ತಾರೆ. ಆದರೆ ಬುಷ್ ಮಿತಿ ಮೀರಿ ತೆಳುವಾಗಿ ಬಿರುಕು ಬಿಟ್ಟ ಮೇಲೆ ಈ ಅವಕಾಶ ಕೈತಪ್ಪುತ್ತದೆ. ಆಗ ಹೊಸ ಪಿನ್ನು, ಹೊಸ ಬುಷ್ ಅಥವಾ ಹೊಸ ಚೈನೇ ಗತಿ. ಕೀಲಿನೊಳಗೆ ಎಣ್ಣೆ ತುಂಬಿ ಮುಚ್ಚಿದ ನಂತರದ ಕಾಲದ ಚೈನುಗಳಲ್ಲಿ ಒಳಸವೆತ ಬಹಳ ಕಡಿಮೆ. ಅಲ್ಲಿ ಟರ್ನಿಂಗ್ ಮಾಡುವುದು ಬುಷ್‌ನ ಹೊರಸವೆತಕ್ಕಾಗಿ.

ಇದರ ಬದಲು ಅನೇಕರು ಹಿಡಿಯುವ ಅಡ್ಡದಾರಿಯೆಂದರೆ ಒಂದು ಲಿಂಕನ್ನು ತೆಗೆದುಹಾಕುವುದು. 216 ಮಿ.ಮೀ. ಪಿಚ್‌ನ ಚೈನಿನಲ್ಲಿ ಒಂದು ಲಿಂಕ್ ತೆಗೆದರೆ ಐಡ್ಲರ್ ಸುಮಾರು 108 ಮಿ.ಮೀ. ಹಿಂದೆ ಬರುತ್ತದೆ, ಬಿಗಿಯಲು ಮತ್ತೆ ಜಾಗ ಸಿಗುತ್ತದೆ. ಆದರೆ ಉಳಿದ ಎಲ್ಲ ಕೀಲುಗಳ ಸವೆತ ಹಾಗೆಯೇ ಇರುತ್ತದೆ, ಸ್ಪ್ರಾಕೆಟ್ ಮೊದಲಿಗಿಂತ ವೇಗವಾಗಿ ಹಾಳಾಗುತ್ತದೆ. ಆಯುಷ್ಯ ಮುಗಿದ ಯಂತ್ರದಿಂದ ಕೆಲವು ವಾರಗಳ ಕೆಲಸ ತೆಗೆಯಲು ಮಾತ್ರ ಇದು ಸರಿ. ಇದೇ ರೀತಿ ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕುವುದೂ ದುಂದು. ಹಳೆಯ ಚೈನು ಹೊಸ ಹಲ್ಲುಗಳನ್ನು ಬಹುಬೇಗ ತನ್ನ ಅಳತೆಗೆ ಸವೆಸಿಕೊಳ್ಳುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ ಎಡ ಬಲ ಸ್ಪ್ರಾಕೆಟ್‌ಗಳನ್ನು ಅದಲುಬದಲು ಮಾಡಿ ಹಲ್ಲಿನ ಸವೆಯದ ಬದಿಯನ್ನು ಬಳಸಿಕೊಳ್ಳಬಹುದು.

ಸವೆದ ರೋಲರ್, ಐಡ್ಲರ್ ಹಾಗೂ ಲಿಂಕ್‌ಗಳ ಓಡುಮೈಗೆ ವೆಲ್ಡಿಂಗ್‌ನಿಂದ ಲೋಹ ತುಂಬಿ ಮೂಲ ಅಳತೆಗೆ ತರುವ ಪದ್ಧತಿಯಿದೆ. ಮೊಂಡಾದ ಗ್ರೌಸರ್‌ಗಳ ಮೇಲೆ ಹೊಸ ಉಕ್ಕಿನ ಪಟ್ಟಿ ಬೆಸೆಯುವುದೂ ರೂಢಿ. ತಿರುಗದೆ ನಿಂತ ರೋಲರ್ ಒಂದೇ ಬದಿಯಲ್ಲಿ ಸವೆದು ಚಪ್ಪಟೆಯಾಗಿ ಲಿಂಕ್‌ಗಳನ್ನೂ ಹಾಳುಮಾಡುತ್ತದೆ. ಎಣ್ಣೆ ಸೋರಿದ ಗುರುತು ಕಂಡ ಕೂಡಲೇ ಸೀಲ್ ಬದಲಿಸುವುದು ಲೇಸು.

ಶೂ ಬೋಲ್ಟುಗಳ ಬಗ್ಗೆ ಉದಾಸೀನ ಸಲ್ಲದು. ಒಂದು ಬೋಲ್ಟು ಸಡಿಲವಾದರೆ ರಂಧ್ರ ಅಗಲವಾಗಿ ಲಿಂಕ್ ನಿರುಪಯುಕ್ತವಾಗುತ್ತದೆ. ಕೈಪಿಡಿ ಹೇಳಿದ ಬಲದಲ್ಲೇ ಬಿಗಿದು, ಕೆಲವು ಗಂಟೆಗಳ ಕೆಲಸದ ನಂತರ ಮತ್ತೆ ಪರೀಕ್ಷಿಸಬೇಕು.

ಒಣ ಕೀಲುಗಳ ಹಳೆಯ ಚೈನಿಗೆ ಎಣ್ಣೆ, ಗ್ರೀಸ್ ಹಚ್ಚುವುದು ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಎಣ್ಣೆಗೆ ಅಂಟಿದ ಮರಳು ಸಾಣೆಯ ಮುದ್ದೆಯಾಗಿ ಸವೆತವನ್ನು ಹೆಚ್ಚಿಸುತ್ತದೆ. ಬಹುಕಾಲ ನಿಂತು ಬಿಗಿಹಿಡಿದ ಕೀಲುಗಳನ್ನು ಬಿಡಿಸಲು ಮಾತ್ರ ಒಮ್ಮೆ ಎಣ್ಣೆ ಬಿಟ್ಟು, ನೆನೆಯಲು ಸಮಯ ಕೊಟ್ಟು, ಯಂತ್ರವನ್ನು ನಿಧಾನವಾಗಿ ಮುಂದೆ ಹಿಂದೆ ಓಡಿಸಬಹುದು.

ಹಳೆಯ ಯಂತ್ರ ಕೊಳ್ಳುವವರು ಗಮನಿಸಬೇಕಾದ್ದು

ಸಾಲ ಮಾಡಿ ಹಳೆಯ ಡೋಜರ್ ಕೊಳ್ಳುವವರು ಹೆಚ್ಚಾಗಿ ಎಂಜಿನ್ನಿನ ಸದ್ದು ಕೇಳಿ, ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ. ಮಾರುವವರು ಚೈನನ್ನು ಬಿಗಿದು ನಿಲ್ಲಿಸಿರುತ್ತಾರೆ. ಹೀಗಾಗಿ ಬಿಗಿಯಾದ ಚೈನು ಕಂಡು ಮರುಳಾಗಬಾರದು. ಐಡ್ಲರ್ ಎಷ್ಟು ಮುಂದೆ ಸರಿದಿದೆ, ಬಿಗಿಯಲು ಇನ್ನೆಷ್ಟು ಜಾಗ ಉಳಿದಿದೆ ಎಂದು ಮೊದಲು ನೋಡಬೇಕು. ಐಡ್ಲರ್ ತುದಿ ಮುಟ್ಟಿದ್ದರೆ ಚೈನಿನ ಆಯುಷ್ಯ ಮುಗಿಯುತ್ತಾ ಬಂದಿದೆ. ಐಡ್ಲರ್ ಹಿಂದೆ ಇದ್ದರೂ ಸ್ಪ್ರಾಕೆಟ್ಟಿನ ಹಲ್ಲು ಚೂಪಾಗಿದ್ದರೆ ಲಿಂಕ್ ತೆಗೆದಿರುವ ಶಂಕೆ ಮೂಡಬೇಕು. ಆಗ ಎರಡೂ ಬದಿಯ ಲಿಂಕ್‌ಗಳನ್ನು ಎಣಿಸಿ ಕೈಪಿಡಿಯ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ನಾಲ್ಕು ಲಿಂಕ್‌ಗಳ ಅಳತೆ ತೆಗೆಯದೆ ಮುಂಗಡ ಕೊಡಬಾರದು. ರೋಲರ್‌ಗಳೆಲ್ಲ ತಿರುಗುತ್ತಿವೆಯೇ, ಗ್ರೀಸ್ ಸಿಲಿಂಡರ್ ಸೋರುತ್ತಿದೆಯೇ, ಬುಷ್‌ಗಳಲ್ಲಿ ಬಿರುಕಿದೆಯೇ ಎಂಬುದನ್ನೂ ಪರಿಶೀಲಿಸಬೇಕು. ಒಂದು ಟೇಪು, ಒಂದು ಟಾರ್ಚು, ಅರ್ಧ ಗಂಟೆಯ ವ್ಯವಧಾನ ಇದ್ದರೆ ಸಾಕು.

ಒಟ್ಟಿನಲ್ಲಿ ಹೇಳುವುದಾದರೆ, ಚೈನಿನ ಹೊಂದಾಣಿಕೆ ಬೇರೆ, ದುರಸ್ತಿ ಬೇರೆ. ಹೊಂದಾಣಿಕೆ ಸಡಿಲವನ್ನು ನಿವಾರಿಸುತ್ತದೆ, ಸವೆತವನ್ನಲ್ಲ. ಬಿಗಿಯುವ ಮುನ್ನ ಅಳೆಯುವುದು, ಸಡಿಲಿಸುವ ಮುನ್ನ ಪಕ್ಕಕ್ಕೆ ಸರಿದು ನಿಲ್ಲುವುದು ಎಂಬ ಎರಡು ಅಭ್ಯಾಸಗಳನ್ನು ರೂಢಿಸಿಕೊಂಡರೆ ಯಂತ್ರವೂ ಬಾಳುತ್ತದೆ, ಅದನ್ನು ದುಡಿಸುವ ಕೈಗಳೂ ಉಳಿಯುತ್ತವೆ.